ಗಾಳಿ ಸವೆತ

“ಸುಳ್ಳು ಹೇಳ್ಬೇಡ ಚೆನ್ನಾಜಿ! ಉಪ್ಪು ಕಾಗದ ಹಾಕಿ ಉಜ್ಜಿದ್ದೀಯ. ನನ್ನ ಮೆರುಗು ಬೇಡ ಅಂದ್ರೆ ದೋಣೀನ ಒಲೆಗೆ ಹಾಕು, ಚೆನ್ನಾಗಿ ಉರೀತದೆ. ನಾನು ಮಾಡಿದ ಕೆಲಸದ ಮೇಲೆ ಯಾಕೆ ಬೆರಳಾಡಿಸ್ತೀಯ?”

“ಯಾರು ಉಜ್ಜಿದ್ದು? ಹೋದ ವರ್ಷ ನೀರಿಂದ ಎತ್ತಿ ತೊಲೆಗೆ ನೇತು ಹಾಕ್ದೋಳು ಈವತ್ತೇ ಇಳಿಸಿರೋದು. ಜೇಡರ ಬಲೆ ಹಂಗೇ ಐತೆ, ನೋಡು. ಕಣ್ಣು ಮಂಜಾಗಿದ್ರೆ ಕನ್ನಡಕ ಹಾಕ್ಕೋ ಈರಣ್ಣ, ನನ್ನ ಮೇಲೆ ಬಾಯಿ ಹಾಕ್ಬೇಡ.”

“ಬಲೆ ಹಾಯಿಕಂಬದಲ್ಲಿ ಐತೆ. ಸವೆದಿರೋದು ತಳದಲ್ಲಿ. ಜೇಡ ಬಂದು ಸಾಕ್ಷಿ ಹೇಳ್ತದಾ?”

“ನಿನ್ನ ಹತ್ರ ಬಂದ್ರೆ ಅದೂ ಬೈಸ್ಕೊಂಡು ಹೋಗ್ತದೆ.”

ಎದುರಿನ ಟೀ ಅಂಗಡಿಯಿಂದ ಗುರುಬಸಪ್ಪ ನಕ್ಕ. ನಾನು ಅವನಿಗೂ ಒಂದು ಬೈದೆ. ಆಮೇಲೆ ದೋಣಿಯನ್ನು ಅವಳಿಂದ ಕಿತ್ತುಕೊಂಡು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದೆ.

ನಮ್ಮೂರಿನಲ್ಲಿ ಮನೆಗೊಂದು ಪಂದ್ಯದ ದೋಣಿ ಇರುತ್ತದೆ. ಮೊಳದುದ್ದದ್ದು, ಶಿವನೆ ಮರದ್ದು, ಒಳಗೆ ಒಂದು ಬೆಲ್ಲದ ಉಂಡೆ ಇಡುವಷ್ಟು ಕೊರೆದದ್ದು. ಗಾಳಿ ತಿಂಗಳಲ್ಲಿ ಒಂದು ದಿನ, ನೆತ್ತಿಯ ಮೇಲೆ ಬಿಸಿಲಿರುವಾಗ, ಎಲ್ಲರೂ ಕೆರೆಯ ಮೆಟ್ಟಿಲಿಗೆ ಬಂದು ಅವನ್ನು ನೀರಿಗೆ ಬಿಡುತ್ತಾರೆ. ಗಾಳಿ ನಮ್ಮ ಬೆನ್ನಿಗೆ ಬೀಸುತ್ತಿರುತ್ತದೆ. ದೋಣಿಗಳು ಹಾಯಿ ಉಬ್ಬಿಸಿಕೊಂಡು ಹೋಗುತ್ತವೆ, ನೀರಿನ ಝಳಪಿನಲ್ಲಿ ಕಾಣದಾಗುತ್ತವೆ, ಸ್ವಲ್ಪ ಹೊತ್ತಿಗೆ ತಿರುಗಿ ಬರುತ್ತವೆ. ಗಾಳಿ ಆಗಲೂ ನಮ್ಮ ಬೆನ್ನಿಗೇ ಬೀಸುತ್ತಿರುತ್ತದೆ. ಎದುರು ಗಾಳಿಗೆ ಹಾಯಿ ದೋಣಿ ನೆಟ್ಟಗೆ ಬರುವುದು ಹೇಗೆ ಎಂದು ಸಣ್ಣ ಮಕ್ಕಳು ಒಂದು ಸಲ ಕೇಳುತ್ತಾರೆ. “ಗಾಳಿ ತಿರುಗಿಸಿ ಕಳಿಸ್ತು” ಎಂದು ದೊಡ್ಡವರು ಹೇಳುತ್ತಾರೆ. ಎರಡನೇ ಸಲ ಯಾರೂ ಕೇಳುವುದಿಲ್ಲ. ಮೊದಲು ಬಂದ ದೋಣಿಯ ಮನೆಯವರಿಗೆ ಒಂದು ವರ್ಷ ಊರಿನಲ್ಲಿ ಮಾತಿಗೆ ಬೆಲೆ. ಇಟ್ಟ ಬೆಲ್ಲ ಯಾವ ದೋಣಿಯಲ್ಲೂ ಇರುವುದಿಲ್ಲ.

ಆಚೆ ದಡಕ್ಕೆ ಹೋಗಿ ನೋಡಿದರೆ ಆಯಿತಲ್ಲ ಎಂದು ಹೊರಗಿನವರು ಹೇಳುತ್ತಾರೆ. ನೋಡಲಿ. ಮೆಟ್ಟಿಲಿನ ಎಡಕ್ಕೆ ಹೊರಟು ದಂಡೆ ಹಿಡಿದು ನಡೆದವರು, ನೀರು ಸದಾ ಬಲಗಡೆಗೇ ಇದ್ದರೂ, ಎಲ್ಲೂ ಆಚೆ ದಡ ದಾಟದೆ ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲಿನ ಬಲಕ್ಕೆ ಬಂದು ಸೇರುತ್ತಾರೆ. ನಾನೂ ಒಮ್ಮೆ ನಡೆದಿದ್ದೇನೆ. ಕಾಲು ನೋವು ಬಂದದ್ದೊಂದೇ ಲಾಭ.

ಮೆರುಗು ಹಾಕುವುದು ನಮ್ಮ ಮನೆಯ ಕಸುಬು. ಸವೆತ ಓದುವುದಕ್ಕೆ ಕಣ್ಣು ಬೇಕು, ಸಹನೆ ಬೇಕು. ಎರಡನೆಯದು ನನಗಿಲ್ಲ, ಹಾಗಾಗಿ ಕಣ್ಣನ್ನೇ ಹೆಚ್ಚಾಗಿ ದುಡಿಸುತ್ತೇನೆ. ಬಿಸಿಲಿಗೆ ಇಟ್ಟ ದೋಣಿಯನ್ನು ಒರೆಸಿದರೆ ಬಟ್ಟೆಗೆ ಪುಡಿ ಅಂಟುತ್ತದೆ. ಮರಳಿಗೆ ತಗುಲಿದ್ದರೆ ಮೂತಿಯಿಂದ ಹಿಂದಕ್ಕೆ ಗೀರು ಎದ್ದಿರುತ್ತವೆ, ಉಗುರಿಗೆ ಸಿಗುತ್ತವೆ. ನೀರು ಒಳಗೆ ಇಳಿದಿದ್ದರೆ ಮೆರುಗು ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಚೆನ್ನಾಜಿಯ ಹಾಯಿ ಕಟ್ಟಿದ ದೋಣಿಗಳಿಗೆ ಇನ್ನೊಂದು ಸವೆತ ಉಂಟು: ಕಂಬದ ಬುಡದಲ್ಲಿ ಅವಳು ಹಾಕುವ ದಪ್ಪ ಗಂಟು ನನ್ನ ಮೆರುಗನ್ನು ತಿಂದು ಹಾಕುತ್ತದೆ. ಗಂಟು ಸಣ್ಣದು ಹಾಕು ಎಂದು ನಾನು ಅವಳಿಗೆ ಪ್ರತಿ ವರ್ಷ ಹೇಳುತ್ತೇನೆ. ಸಣ್ಣ ಗಂಟು ಬಿಚ್ಚಿ ಹೋಗ್ತದೆ, ನಿನ್ನ ಬುದ್ಧಿಯ ಹಾಗೆ ಎಂದು ಅವಳು ಪ್ರತಿ ವರ್ಷ ಹೇಳುತ್ತಾಳೆ.

ಇವೆಲ್ಲ ಬಿಟ್ಟು ಊರಿನ ಪ್ರತಿಯೊಂದು ದೋಣಿಯ ಮೂತಿಯಲ್ಲೂ ಒಂದು ಸವೆತ ಇರುತ್ತದೆ. ಒಂದು ಮಗ್ಗುಲಿಗೆ ಒಂದು ಮಂಕು ಚುಕ್ಕೆ, ಇನ್ನೊಂದು ಮಗ್ಗುಲಿಗೆ ಸಾಲಾಗಿ ನಾಲ್ಕು. ಅದಕ್ಕೆ ಗೀರಿಲ್ಲ, ಪುಡಿಯಿಲ್ಲ, ಅಂಚು ಕರಗಿದ ಹಾಗೆ ಇರುತ್ತದೆ. ಬೆವರು ತಾಗಿದ ಮೆರುಗು ಹಾಗೇ ಇರುವುದು. ಯಾರೋ ಎದುರಿಗೆ ನಿಂತು ಮೂತಿ ಹಿಡಿದು ತಿರುಗಿಸಿದ ಹಾಗೆ. ಇದಕ್ಕೆ ನಮ್ಮೂರಿನಲ್ಲಿ ಗಾಳಿ ಸವೆತ ಎನ್ನುತ್ತಾರೆ. ನಮ್ಮಪ್ಪ ನನಗೆ ಕುಂಚ ಕೊಡುವ ಮೊದಲೇ ಆ ಮಾತು ಕಲಿಸಿದ. ಬೇರೆ ಊರಿನ ಬಣ್ಣದವರು ಎರಡು ಕೈ ಹೊಡಿ, ಮೂರು ಕೈ ಹೊಡಿ ಎನ್ನುತ್ತಾರೆ. ನಾವು ಎರಡು ಸಲ, ಮೂರು ಸಲ ಎನ್ನುತ್ತೇವೆ. ದೋಣಿ ಎದುರಿಗಿರುವಾಗ ಕೈ ಎಂಬ ಮಾತನ್ನು ಆಡಬಾರದು. ಯಾಕೆ ಎಂದು ಅಪ್ಪ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಚೆನ್ನಾಜಿ ಊರಿನ ಹಾಯಿ ಹೊಲಿಯುವವಳು. ಮೇಣ ಹಚ್ಚಿದ ದಾರವನ್ನು ಬಲ ತೋರುಬೆರಳಿಗೆ ಸುತ್ತಿ ಎಳೆದೂ ಎಳೆದೂ ಆ ಬೆರಳಿನ ಮೇಲೆ ಅಡ್ಡಲಾಗಿ ಒಂದು ಕಚ್ಚು ಬಿದ್ದಿತ್ತು, ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ. ಆಕೆಯ ಗಂಡ ರಾಚಪ್ಪ ದೋಣಿ ಕೆತ್ತುತ್ತಿದ್ದ. ಅವನಷ್ಟು ಚೆನ್ನಾಗಿ ಕೆತ್ತುವವನನ್ನು ನಾನು ಕಂಡಿಲ್ಲ, ಅವನಷ್ಟು ತಲೆ ತಿನ್ನುವವನನ್ನೂ ಕಂಡಿಲ್ಲ. ಒಂದು ಸಂಜೆ ಅವನು ಮನೆಗೆ ಬರಲಿಲ್ಲ. ಕೆರೆ ದಂಡೆಯ ಮೇಲೆ ನಡೆಯುತ್ತಿದ್ದ ಎಂದು ಒಬ್ಬ ಕುರಿಯವನು ಹೇಳಿದ. ದಂಡೆ ಹಿಡಿದು ಹೋದವರು ವಾಪಸ್ ಬಂದೇ ಬರುತ್ತಾರಲ್ಲ, ಅದಕ್ಕೆ ಯಾರೂ ನಂಬಲಿಲ್ಲ. ಅದೇ ವಾರ ಬಳೆ ಮಾರುವ ಹೆಂಗಸೊಬ್ಬಳು ಬಸ್ಸು ಹತ್ತಿದ್ದಳು. ಊರು ಎರಡನ್ನೂ ಸೇರಿಸಿ ಗಂಟು ಹಾಕಿತು. ಚೆನ್ನಾಜಿ ಅಂದಿನಿಂದ ಬಳೆ ತೊಡಲಿಲ್ಲ. ಬಿಟ್ಟು ಹೋದವನ ಹೆಂಡತಿ ಎಂದು ಹಿಂದಿನಿಂದ ಅಂದರೆ ತಿರುಗಿ ನಿಂತು, “ಎದುರಿಗೆ ಬಂದು ಅನ್ನು” ಎನ್ನುತ್ತಿದ್ದಳು. ಎದುರಿಗೆ ಬಂದವರಿಲ್ಲ.

ರಾಚಪ್ಪ ಕೊನೆಗೆ ಕೆತ್ತಿದ ದೋಣಿಯೇ ಅವಳ ದೋಣಿ. ಅದು ಪ್ರತಿ ವರ್ಷ ಎಲ್ಲಕ್ಕಿಂತ ಕೊನೆಗೆ ಬರುತ್ತಿತ್ತು. ಜನ ಚಾಪೆ ಮಡಚಿ ಎದ್ದ ಮೇಲೆ, ಬಿಸಿಲು ಇಳಿದ ಮೇಲೆ, ಒಂದೇ ಒಂದು ಹಾಯಿ ನಿಧಾನವಾಗಿ ಬರುತ್ತಿತ್ತು. “ಚೆನ್ನಾಜಿ ದೋಣಿ ಬೀಗರ ಮನೇಲಿ ಉಂಡು ಬತ್ತೈತೆ” ಎಂದು ಗುರುಬಸಪ್ಪ ನಗಿಸುತ್ತಿದ್ದ. ಅವಳು ಮೆಟ್ಟಿಲಿನಿಂದ ಕದಲುತ್ತಿರಲಿಲ್ಲ.

ಆ ದೋಣಿಯನ್ನೇ ನಾನು ಬಾಗಿಲ ಬೆಳಕಿಗೆ ಹಿಡಿದಿದ್ದು. ಬಾಯಿಯಿಂದ ಹಬೆ ಬಿಟ್ಟೆ. ಚೆನ್ನಾಗಿರುವ ಮೆರುಗಿನ ಮೇಲೆ ಹಬೆ ಮಂಜಿನ ಹಾಗೆ ಕೂತು ಒಂದೇ ಸಮನೆ ಆರುತ್ತದೆ. ಇಲ್ಲಿ ಹಿಂಬದಿಯ ಎಡ ಮಗ್ಗುಲಲ್ಲಿ ಹಬೆ ಕೂರಲೇ ಇಲ್ಲ. ಟರ್ಪೆಂಟೈನ್ ಒಂದು ಹನಿ ಸವರಿದೆ, ಮರ ಕುಡಿದುಬಿಟ್ಟಿತು. ಮೂರು ಸಲ ಹೊಡೆದ ಮೆರುಗು ಮರದ ತನಕ ಹೋಗಿತ್ತು. ಉಪ್ಪು ಕಾಗದವಾದರೆ ಗೀರು ಇರಬೇಕು. ಇರಲಿಲ್ಲ. ತಳವೆಲ್ಲ ಮಂಕಾಗಿತ್ತು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ಹಾಗೆ ಯಾರೋ ಅದನ್ನು ಬಹಳ ಹೊತ್ತು ಇಟ್ಟುಕೊಂಡ ಸವೆತ. ಹಿಂಬದಿಯಲ್ಲಿ ಸವೆದದ್ದು ಹೆಬ್ಬೆರಳಗಲದ ಒಂದು ಪಟ್ಟಿ, ಬಾಲದಿಂದ ಮೂತಿಯ ಕಡೆಗೆ, ಮರದ ಎಳೆಗೆ ವಿರುದ್ಧವಾಗಿ.

ಆ ಪಟ್ಟಿ ನನಗೆ ಗೊತ್ತಿದ್ದದ್ದೇ. ರಾಚಪ್ಪನಿಗೊಂದು ಕೆಟ್ಟ ಚಾಳಿ. ಕೆತ್ತಿದ್ದು ಮನಸ್ಸಿಗೆ ಬಂದರೆ ಎಡ ಹೆಬ್ಬೆರಳಿನಲ್ಲಿ ಹಿಂದಿನಿಂದ ಮುಂದಕ್ಕೆ ಸವರುತ್ತಲೇ ಇರುತ್ತಿದ್ದ. ನಾನು ಮೆರುಗು ಹೊಡೆದು ಆರಲು ಇಟ್ಟಾಗಲೂ ಬಿಡುತ್ತಿರಲಿಲ್ಲ. ಈ ದೋಣಿಯದ್ದೇ ಮೊದಲ ಮೆರುಗು ಹಸಿಯಿರುವಾಗ ಅವನು ಇದೇ ಜಾಗದಲ್ಲಿ ಸವರಿ ಗುಂಡಿ ಮಾಡಿದ್ದ. ಆ ದಿನ ನಾನು ಕುಂಚ ಎಸೆದಿದ್ದೆ.

“ಏನಂತೆ?” ಎಂದಳು ಚೆನ್ನಾಜಿ.

“ಗಾಳಿ ಸವೆತ” ಎಂದೆ. “ಬಿಟ್ಟು ಹೋಗು. ಪಂದ್ಯದ ಹೊತ್ತಿಗೆ ಸರಿ ಮಾಡಿ ಕೊಡ್ತೀನಿ.”

“ಗಾಳಿ ಸವೆತ ಮೂತೀಲಿ ಅಲ್ವಾ ಬರೋದು? ಬಾಲಕ್ಕೆ ಯಾವ ಗಾಳಿ ಬಂತು?”

“ನಿನ್ನ ದೋಣಿ ನಿನ್ನ ಹಂಗೇ. ಎಲ್ಲಾ ತಿರುಗಾಮುರುಗಾ.”

“ಈಗ ತಾನೆ ಉಜ್ಜಿದ್ದೀಯ ಅಂತ ಊರು ಒಂದು ಮಾಡ್ದೆ. ಈಗ ಗಾಳಿ ಅಂತೀಯ. ನಿಂಗೇ ಗೊತ್ತಿಲ್ಲ, ಬಿಡು.” ಅವಳು ಟೀ ಅಂಗಡಿಗೂ ಕೇಳುವ ಹಾಗೆ ಹೇಳಿದಳು. “ಕೇಳ್ದಾ ಗುರುಬಸಪ್ಪ? ಡಬ್ಬೀಗೆ ಸೀಮೆಎಣ್ಣೆ ಬೆರೆಸ್ಕೊಂಡು ಕೂತವ್ನೆ ಈರಣ್ಣ. ಅದಕ್ಕೇ ಒಂದೇ ವರ್ಷಕ್ಕೆ ಕಿತ್ತು ಬಂದೈತೆ. ಇವರಪ್ಪನ ಕಾಲದ ಮೆರುಗು ಹಿಂಗಿರ್ಲಿಲ್ಲ.”

ಏನು ಬೇಕಾದರೂ ಅನ್ನಲಿ, ಆ ಮಾತು ಅನ್ನಬಾರದಿತ್ತು. “ಸೀಮೆಎಣ್ಣೆ ನಿಮ್ಮ ಮನೆ ದೀಪಕ್ಕೆ ಹಾಕ್ಕೋ!” ಎಂದು ಕಿರುಚಿದೆ. “ನನ್ನ ಮೆರುಗು ಕೆಟ್ಟಿಲ್ಲ! ಹತ್ತು ವರ್ಷ ನೀರಲ್ಲಿ ಇಟ್ರೂ ಕೆಡಲ್ಲ! ಇದು ಕೈ ಸವೆತ ಕಣೇ, ಕೈ ಸವೆತ!”

ಟೀ ಅಂಗಡಿಯಲ್ಲಿ ಲೋಟ ತೊಳೆಯುವ ಸದ್ದು ನಿಂತಿತು. ನನ್ನ ಅಂಗಡಿಯ ತೊಲೆಗೆ ಊರಿನ ದೋಣಿಗಳೆಲ್ಲ ದಾರದಲ್ಲಿ ನೇತಾಡುತ್ತಿದ್ದವು, ಒಂದೊಂದು ಒಂದೊಂದು ದಿಕ್ಕಿಗೆ. ಒಂದಿಷ್ಟೂ ಗಾಳಿ ಇರಲಿಲ್ಲ. ಅವೆಲ್ಲ ನಿಧಾನವಾಗಿ ತಿರುಗಿ, ಮೂತಿಗಳನ್ನು ಕೆರೆಯ ಕಡೆಯ ಗೋಡೆಗೆ ಮಾಡಿ ನಿಂತವು. ಗುರುಬಸಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡ.

ಚೆನ್ನಾಜಿ ತಲೆಯೆತ್ತಿ ದೋಣಿಗಳನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. “ಯಾರ ಕೈ?” ಎಂದಳು.

“ನನಗೇನು ಗೊತ್ತು?”

“ನಿಂಗೊತ್ತು. ಕಿವಿ ಕೆಂಪಗಾಗೈತೆ.”

ಹೇಳಿದೆ. ಇನ್ನೇನು ಮಾಡಲಿ? ಹೆಬ್ಬೆರಳಿನ ಪಟ್ಟಿ ತೋರಿಸಿದೆ, ದಿಕ್ಕು ತೋರಿಸಿದೆ. ಅವಳು ಅಳುತ್ತಾಳೆ ಎಂದು ಹೆದರಿದ್ದೆ. ಅವಳು ನನ್ನ ಮಣೆಯ ಮೇಲೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಹಂಗಾದ್ರೆ ಬಸ್ಸು ಹತ್ತಿಲ್ಲ” ಎಂದಳು.

“ಹತ್ತಿಲ್ಲ ಅಂತ ನಾನು ಹೇಳ್ಲಿಲ್ಲ. ಅವನ ಬೆರಳಿನ ಹಂಗೆ ಕಾಣ್ತದೆ ಅಂದೆ.”

“ಕಾಣ್ತದೆ ಅನ್ನೋದನ್ನ ಕಟ್ಕೊಂಡು ನಾನು ಏನ್ಮಾಡ್ಲಿ? ಇಷ್ಟು ವರ್ಷ ಈ ಊರು ನನ್ನ ಬೆನ್ನಿಗೆ ನಕ್ಕೈತೆ. ನಂಗೆ ಗೊತ್ತಾಗ್ಬೇಕು ಈರಣ್ಣ. ಅವ್ನು ಬಿಟ್ಟೋದ್ನೋ, ವಾಪಸ್ ಬರೋಕೆ ಆಗ್ದೆ ಕೂತವ್ನೋ. ಎರಡ್ರಲ್ಲಿ ಒಂದು.” ಆಮೇಲೆ ತಗ್ಗಿದ ದನಿಯಲ್ಲಿ, “ಹಸಿ ಮೆರುಗಲ್ಲಿ ಕಳಿಸು, ಹಿಡಿದವರ ಬೆರಳು ಮೂಡ್ತದೆ” ಎಂದಳು.

ನಾನು ಮತ್ತೆ ಕೂಗಾಡಿದೆ. ಹಸಿ ಮೆರುಗು ನೀರಿಗೆ ಬಿದ್ದರೆ ಬೆಳ್ಳಗಾಗುತ್ತದೆ, ಊರೆಲ್ಲ ನೋಡಿ ಉಗಿಯುತ್ತದೆ, ನಮ್ಮಪ್ಪನ ಹೆಸರು ಹಾಳಾಗುತ್ತದೆ ಎಂದೆ. ಅವಳು ಕಾದಳು. ನನ್ನ ಕೂಗು ಮುಗಿಯುವವರೆಗೆ ಕಾಯುವುದು ಊರಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಮುಗಿಯಿತು. ಒಪ್ಪಿದೆ. ಅರಗಿಗೆ ಅಗಸೆ ಎಣ್ಣೆ ಹೆಚ್ಚು ಹಾಕಿ ಬೇಗ ಆರದ ಹಾಗೆ ಗಟ್ಟಿಯಾಗಿ ಕಾಯಿಸಿದೆ. ಪಂದ್ಯದ ದಿನ ಮೆಟ್ಟಿಲಿನ ಮೇಲೇ ಕೂತು, ನೀರಿಗೆ ತಾಗದ ಎತ್ತರಕ್ಕೆ, ಹಿಂಬದಿಯ ಎರಡೂ ಮಗ್ಗುಲಿಗೆ ಬಳಿದೆ. ಅವಳಿಗೆ ಹೇಳಿದೆ: “ನೀನು ಮುಟ್ಬೇಡ. ಬಿಡೋದೂ ನಾನೇ, ಎತ್ತೋದೂ ನಾನೇ. ಆಮೇಲೆ ಅನುಮಾನ ಬೇಡ.” ಅವಳು ನಾಲ್ಕು ಮೆಟ್ಟಿಲು ಮೇಲೆ ಹೋಗಿ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಳು.

ದೋಣಿಗಳು ಹೋದವು. ನೀರು ಕಾಯಿಸಿದ ತವರದ ಹಾಗೆ ಹೊಳೆಯುತ್ತಿತ್ತು, ಕಣ್ಣಿಟ್ಟು ನೋಡುವ ಹಾಗಿರಲಿಲ್ಲ. ಹಕ್ಕಿಗಳ ಸದ್ದು ನಿಂತುಹೋಯಿತು, ಪ್ರತಿ ವರ್ಷ ನಿಲ್ಲುವ ಹಾಗೆ. ಆಮೇಲೆ ಒಂದೊಂದಾಗಿ ಬಂದವು. ಆ ಸಲ ಗೆದ್ದದ್ದು ಗುರುಬಸಪ್ಪನ ದೋಣಿ. ಅವನು ಕುಣಿಯಬೇಕಿತ್ತು, ಕುಣಿಯಲಿಲ್ಲ. ದೋಣಿ ಎತ್ತಿಕೊಂಡು ನನ್ನ ಕಡೆಗೆ ನೋಡದೆ ಮನೆಗೆ ಹೋದ. ನಾನು ಆಡಿದ ಮಾತು ಅಷ್ಟರಲ್ಲಿ ಊರನ್ನೆಲ್ಲ ಸುತ್ತಿ ಬಂದಿತ್ತು. ಉಳಿದವರೂ ಬೇಗ ಬೇಗ ಹೋದರು. ಮೆಟ್ಟಿಲಿನಲ್ಲಿ ಉಳಿದವರು ನಾವಿಬ್ಬರೇ.

ಬಿಸಿಲು ಹಳದಿಯಾದಾಗ ಅದು ಬಂತು. ಎದುರು ಗಾಳಿಗೆ, ಒಂದು ಚೂರೂ ಓಲಾಡದೆ, ಯಾರೋ ದಾರ ಕಟ್ಟಿ ಎಳೆದ ಹಾಗೆ. ನಾನು ಮೊಣಕಾಲಿನವರೆಗೆ ನೀರಿಗಿಳಿದು ಹಾಯಿಕಂಬ ಹಿಡಿದು ಮೇಲೆತ್ತಿದೆ. ಬೇರೆಲ್ಲೂ ಮುಟ್ಟಲಿಲ್ಲ.

ಎಡ ಮಗ್ಗುಲಿನ ಹಸಿ ಮೆರುಗಿನಲ್ಲಿ ಹೆಬ್ಬೆರಳು ಸವರಿದ ಪಟ್ಟಿ ಇತ್ತು. ಬಾಲದಿಂದ ಮೂತಿಗೆ. ಪಟ್ಟಿಯ ಕೊನೆಗೆ ಬೆರಳು ನಿಂತ ಕಡೆ ಒಂದು ಗುಂಡಿ. ರಾಚಪ್ಪನೇ. ಅದೇ ದರಿದ್ರ ಚಾಳಿ. ನನಗೆ ಸಿಟ್ಟು ಬಂತು. ಬಲ ಮಗ್ಗುಲನ್ನು ತಿರುಗಿಸಿದೆ. ಅಲ್ಲಿ ಇನ್ನೊಂದು ಕೈ ಇತ್ತು. ಸಣ್ಣದು. ನಾಲ್ಕು ಬೆರಳು ಒತ್ತಿದ್ದವು, ಅಳುಕದೆ, ತನ್ನದೇ ವಸ್ತು ಹಿಡಿದ ಹಾಗೆ. ಹೆಂಗಸಿನ ಬೆರಳು. ಬಳೆಯವಳು ಎಂದು ಮೊದಲು ಅನ್ನಿಸಿತು, ಮುಚ್ಚಿಡಬೇಕು ಎಂದೂ ಅನ್ನಿಸಿತು. ಅಷ್ಟರಲ್ಲಿ ಕಣ್ಣಿಗೆ ಬಿತ್ತು. ತೋರುಬೆರಳಿನ ಗುರುತಿನ ನಡುವೆ ಅಡ್ಡಲಾಗಿ ಒಂದು ಏಣು ಎದ್ದಿತ್ತು. ಬೆರಳಲ್ಲಿ ಕಚ್ಚು ಇದ್ದರೆ ಮೆರುಗಿನಲ್ಲಿ ಏಣು ಏಳುತ್ತದೆ.

“ಮುಟ್ಟಬೇಡ ಅಂದಿದ್ನಲ್ಲೇ!” ಎಂದು ಕಿರುಚಿದೆ. “ಯಾವಾಗ ಮುಟ್ಟಿದೆ? ಯಾವಾಗ?”

“ನೀನೇ ಬಳಿದೆ, ನೀನೇ ಬಿಟ್ಟೆ, ನೀನೇ ಎತ್ತಿದೆ” ಎಂದಳು ಚೆನ್ನಾಜಿ. ಕೆಳಗಿಳಿದು ಬಂದು ನೋಡಿದಳು. ಸೆರಗಿನಿಂದ ಬಲಗೈ ತೆಗೆದಳು. ನಾನು ಬೇಡ ಎಂದೆ. ಅವಳು ನಾಲ್ಕು ಬೆರಳನ್ನೂ ಆ ನಾಲ್ಕು ಗುರುತುಗಳ ಮೇಲೆ ಇಟ್ಟಳು. ಒಂದೊಂದೂ ಕೂತವು, ಮುಚ್ಚಳ ಡಬ್ಬಿಗೆ ಕೂರುವ ಹಾಗೆ. ಬೆರಳು ತೆಗೆದಾಗ ಮೆರುಗು ಅಂಟಲಿಲ್ಲ, ಗುರುತು ಒಂದಿಷ್ಟೂ ಬದಲಾಗಲಿಲ್ಲ. ಹೊಸದಾಗಿ ಇಟ್ಟ ಬೆರಳು ಅಲ್ಲವೇ ಅಲ್ಲ ಎಂಬ ಹಾಗೆ.

ಅವಳು ತನ್ನ ಬೆರಳುಗಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ನಕ್ಕಳು. ರಾಚಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

“ಹಂಗಾದ್ರೆ ನಾನು ಅಲ್ಲಿದ್ದೀನಿ ಈರಣ್ಣ” ಎಂದಳು. “ಹೋಗೋದೊಂದು ಬಾಕಿ.”

“ಹುಚ್ಚುಚ್ಚಾಗಿ ಆಡ್ಬೇಡ. ಮನೆಗೆ ನಡಿ.”

“ಅವನಿಗೆ ಎಷ್ಟು ಕಾಯೋಕೆ ಹೇಳ್ಲಿ? ದೋಣೀನ ತೊಡೆ ಮೇಲೆ ಇಟ್ಕೊಂಡು ಕೂತವ್ನೆ.”

“ಹೋಗ್ಬೇಡ ಅಂದ್ನಲ್ಲ! ಊರಿಗೆ ಹಾಯಿ ಹೊಲಿಯೋರು ಯಾರು?” ಎಂದೆ. ಬಾಯಿಗೆ ಬಂದದ್ದು ಅದೊಂದೇ.

“ನಿಂಗೆ ದಪ್ಪ ಗಂಟು ತಪ್ತದೆ ಬಿಡು” ಎಂದಳು. ದೋಣಿಯನ್ನು ನನ್ನಿಂದ ತೆಗೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡಳು. ಸೂಜಿ ದಾರದ ಡಬ್ಬಿ ಅವಳ ಸೊಂಟದಲ್ಲಿ ಸದಾ ಇರುತ್ತಿತ್ತು, ಇದೆಯೇ ಎಂದು ಮುಟ್ಟಿ ನೋಡಿಕೊಂಡಳು. ಮೆಟ್ಟಿಲಿನ ಎಡಕ್ಕೆ, ದಂಡೆ ಹಿಡಿದು, ಸಂತೆಗೆ ಹೊರಟವಳ ಹಾಗೆ ನಡೆದಳು. ತಿರುಗಿ ನೋಡಲಿಲ್ಲ.

ನಾನು ಹಿಂದೆ ಹೋಗಲಿಲ್ಲ. ದಂಡೆ ಹಿಡಿದು ಹೋದವರು ಬಲಕ್ಕೆ ಬಂದೇ ಬರುತ್ತಾರೆ, ಬರಲಿ, ಚೆನ್ನಾಗಿ ಬೈಯುತ್ತೇನೆ ಎಂದುಕೊಂಡು ಮೆಟ್ಟಿಲಿನ ಬಲಕ್ಕೆ ಹೋಗಿ ಕೂತೆ. ದೀಪ ಹಚ್ಚುವ ಹೊತ್ತಾಯಿತು. ಬಲದಿಂದ ಒಬ್ಬ ಕುರಿಯವನು ಬಂದ. ದಾರಿಯಲ್ಲಿ ಹೆಂಗಸು ಯಾರಾದರೂ ಸಿಕ್ಕಳೇ ಎಂದು ಕೇಳಿದೆ. ಅವನು ನನ್ನ ಮುಖ ನೋಡಿ ಕುರಿಗಳನ್ನು ಬೇಗ ಹೊಡೆದುಕೊಂಡು ಹೋದ. ಮಾರನೆಯ ದಿನವೂ ಅಲ್ಲೇ ಕೂತೆ. ಬಂದವರೆಲ್ಲ ಬೇರೆಯವರು.

ಊರು ಹೊಂದಿಕೊಂಡಿತು. ಹಾಯಿ ಹೊಲಿಯುವವರು ಇಲ್ಲದ್ದರಿಂದ ಮುಂದಿನ ಪಂದ್ಯಕ್ಕೆ ಜನ ಹರಕಲು ಹಾಯಿಗಳನ್ನೇ ಕಟ್ಟಿ ಬಿಟ್ಟರು. ಹೋಗುವಾಗ ಹರಿದಿದ್ದ ಹಾಯಿಗಳು ಹೊಲಿಸಿಕೊಂಡು ಬಂದವು. ಜನ ಅವನ್ನು ಬೇಗ ಬೇಗ ಸುತ್ತಿಟ್ಟರು. ಕೊನೆಗೆ ಗುರುಬಸಪ್ಪ ತನ್ನ ಹಾಯಿಯನ್ನು ಎರಡೂ ಕಡೆ ತಿರುಗಿಸಿ ನೋಡಿ, ನನ್ನ ಬಾಯಿಯ ಕಡೆಗೊಮ್ಮೆ ಹೆದರಿಕೊಂಡು ನೋಡಿ, “ಗಾಳಿ ಹೊಲಿಗೆ” ಎಂದ. ಈಗ ಎಲ್ಲರೂ ಹಾಗೇ ಅನ್ನುತ್ತಾರೆ. ಈಗ ಅವಳನ್ನು ಬಿಟ್ಟು ಹೋದವನ ಹೆಂಡತಿ ಎನ್ನುವವರಿಲ್ಲ. ಕೊನೆಗೆ ಬರುವ ದೋಣಿಯೂ ಇಲ್ಲ.

ಈ ಸಲ ನಾನು ನನ್ನ ಮನೆಯ ದೋಣಿಯ ಗಟ್ಟಿಯಾಗಿದ್ದ ಹಾಯಿಯನ್ನು ಯಾರಿಗೂ ಕಾಣದ ಹಾಗೆ ಉದ್ದಕ್ಕೆ ಹರಿದು ನೀರಿಗೆ ಬಿಟ್ಟೆ. ಹೊಲಿಸಿಕೊಂಡು ಬಂತು. ಕಂಬದ ಬುಡದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಬರುವಷ್ಟರಲ್ಲೇ ನನ್ನ ಮೆರುಗನ್ನು ಮರದ ತನಕ ತಿಂದು ಹಾಕಿತ್ತು. ನಾನು ನೀರಿಗಿಳಿದು ನಿಂತು, ಆಚೆ ಕಡೆಗೆ ಮುಖ ಮಾಡಿ, ಗಂಟು ಸಣ್ಣದು ಹಾಕು ಅಂತ ಎಷ್ಟು ಸಲ ಹೇಳಿದ್ದೀನಿ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಮೆಟ್ಟಿಲಿನ ಮೇಲಿದ್ದವರೆಲ್ಲ ನೆಲ ನೋಡುತ್ತ ನಿಂತರು. ನಾನು ಅವಳ ಬೈಗುಳಕ್ಕೆ ಕಾದೆ. ಬರಲಿಲ್ಲ.